ಓಡುವಾಗ ಕಣ್ಣು ಕಾಲಿಗೆ ಹೇಳುವುದೇನು?



ಕಾರ ಹುಣ್ಣಿಮೆಯ ಸಂಜೆ ಊರ ಅಗಸಿಯಲ್ಲಿ ಕರಿ ಹರಿಯುವುದನ್ನು ನೀವೆಲ್ಲರೂ ನೋಡಿದವರೇ. ಕೋಡಿಗೆ ಬಣ್ಣ ಬಳಿದ ಎತ್ತುಗಳು ಓಡುತ್ತವೆ. ಹಗ್ಗ ಹಿಡಿದ ಹುಡುಗರು ಅವುಗಳ ಸಂಗಡ ಓಡುತ್ತಾರೆ. ಯಾವ ಬಣ್ಣದ ಎತ್ತು ಮುಂದಾಯಿತು, ಈ ವರ್ಷ ಯಾವ ಬೆಳೆ ಚೆನ್ನಾಗಿ ಬಂದೀತು ಎಂದು ಹಿರಿಯರು ಲೆಕ್ಕ ಹಾಕುತ್ತಿರುವಾಗ, ಮುಗ್ಗರಿಸಿ ಬೀಳುವ ಹುಡುಗ ಯಾರೆಂಬುದನ್ನು ಒಮ್ಮೆ ಗಮನಿಸಿರಿ. ಹಿಂದಿನ ಎತ್ತು ಎಷ್ಟು ದೂರದಲ್ಲಿದೆ ಎಂದು ಕತ್ತು ತಿರುಗಿಸಿದವನೇ ಅನೇಕ ವೇಳೆ ಬೀಳುತ್ತಾನೆ. ಅವನ ಕಾಲಿನ ಬಲವೇನೂ ಕಡಿಮೆಯಾಗಿರುವುದಿಲ್ಲ. ಕಣ್ಣಿನಿಂದ ಕಾಲಿಗೆ ಹೋಗಬೇಕಾದ ಸುದ್ದಿ ನಿಂತಿರುತ್ತದೆ.

ಈ ಸುದ್ದಿ ಎಷ್ಟು ಮುಂಚಿತವಾಗಿ ಹೋಗಬೇಕು? ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಯುವವರ ಕಣ್ಣಿನ ಚಲನೆಯನ್ನು ಅಳೆಯುವ ಕ್ಯಾಮರಾ ಕಟ್ಟಿ ಕಲ್ಲುನೆಲದಲ್ಲಿ ನಡೆಸಿ ನೋಡಿದರು. ಅದರ ಫಲ 2018ರಲ್ಲಿ ಪ್ರಕಟವಾಯಿತು. ಒರಟು ನೆಲದಲ್ಲಿ ಮನುಷ್ಯನು ತನ್ನ ಪಾದವನ್ನು ನೋಡುವುದಿಲ್ಲ. ಎರಡು ಮೂರು ಹೆಜ್ಜೆ ಮುಂದಿನ ನೆಲವನ್ನು ನೋಡುತ್ತಾನೆ. ಕಾಲದ ಲೆಕ್ಕದಲ್ಲಿ ಇದು ಸುಮಾರು ಒಂದೂವರೆ ಸೆಕೆಂಡು. ಕಾರಣವೂ ಸರಳವಾಗಿದೆ. ಹಿಂದಿನ ಕಾಲು ನೆಲವನ್ನು ಒತ್ತಿ ದೂಡುವಾಗಲೇ ಮುಂದಿನ ಹೆಜ್ಜೆ ಎಲ್ಲಿ ಬೀಳಬೇಕೆಂಬುದು ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ಓಟದಲ್ಲಂತೂ ಎರಡೂ ಪಾದಗಳು ನೆಲ ಬಿಟ್ಟಿರುವ ಗಳಿಗೆಯೊಂದಿದೆ. ಆಗ ಕಲ್ಲು ಕಂಡರೂ ದಾರಿ ಬದಲಿಸುವುದು ಕಷ್ಟ. ಜೋಳ ಕೊಯ್ದ ಹೊಲದಲ್ಲಿ ಕೂಳೆ ತಪ್ಪಿಸಿ ನಡೆಯುವವರು ಪುಸ್ತಕ ಓದದೆಯೇ ಇದನ್ನು ಮಾಡುತ್ತಿದ್ದಾರೆ.

ಇನ್ನೊಂದು ಸಂದೇಹ ಬರಬಹುದು. ಓಡುವಾಗ ತಲೆ ಮೇಲೆ ಕೆಳಗೆ ಕುಣಿಯುತ್ತದೆ. ಆದರೂ ದಾರಿ ಕುಣಿದಂತೆ ಕಾಣುವುದಿಲ್ಲವೇಕೆ? ಈಗಲೇ ಪರೀಕ್ಷಿಸಿರಿ. ಈ ಹಾಳೆಯನ್ನು ಎಡಕ್ಕೂ ಬಲಕ್ಕೂ ಬೇಗಬೇಗ ಅಲ್ಲಾಡಿಸಿ ಓದಿರಿ. ಅಕ್ಷರಗಳು ಕಲಸಿಹೋಗುತ್ತವೆ. ಇನ್ನು ಹಾಳೆಯನ್ನು ಸ್ಥಿರವಾಗಿ ಹಿಡಿದು, ಅದೇ ವೇಗದಲ್ಲಿ ತಲೆಯನ್ನು ಅಲ್ಲಾಡಿಸಿ ಓದಿರಿ. ಈ ಸಲ ಓದಲು ಬರುತ್ತದೆ! ಕಿವಿಯ ಒಳಗೆ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ತಲೆ ತಿರುಗಿದೊಡನೆ ಅವು ಮೆದುಳಿಗೆ ತಿಳಿಸುತ್ತವೆ. ಮೆದುಳು ಕಣ್ಣುಗುಡ್ಡೆಯನ್ನು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ಹೊರಳಿಸುತ್ತದೆ. ಕಿವಿ ಇರುವುದು ಕೇಳುವುದಕ್ಕೆ ಮಾತ್ರ ಎಂದು ಎಣಿಸಬಾರದು.

ಮೂರನೆಯ ಸುದ್ದಿಗಾರರು ಪಾದ, ಕೀಲು ಮತ್ತು ಸ್ನಾಯುಗಳು. ಗೋಡೆಯ ಹತ್ತಿರ ಒಂಟಿಕಾಲಿನಲ್ಲಿ ನಿಲ್ಲಿರಿ. ಬಳಿಕ ಕಣ್ಣು ಮುಚ್ಚಿರಿ. ದೇಹ ತೂರಾಡುವುದನ್ನು ಕಂಡಾಗ ಕಣ್ಣು ಎಷ್ಟು ಕೆಲಸ ಮಾಡುತ್ತಿತ್ತೆಂಬುದು ಅರಿವಾಗುತ್ತದೆ. ವಯಸ್ಸಾದವರು ಇದನ್ನು ಮಾಡಬಾರದು.

ಹಾಗಾದರೆ ದೃಷ್ಟಿಯೇ ಇಲ್ಲದವರು ಓಡಲಾರರೇ? ನಮ್ಮ ರಾಜ್ಯದ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರು 2018ರಲ್ಲಿ ಜಕಾರ್ತಾದಲ್ಲಿಯೂ 2023ರಲ್ಲಿ ಹಾಂಗ್‌ಝೌನಲ್ಲಿಯೂ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ ಅಂಧರ 1500 ಮೀಟರ್ ಓಟದಲ್ಲಿ ಚಿನ್ನದ ಪದಕ ಗೆದ್ದರು. ಈ ಓಟದಲ್ಲಿ ಜೊತೆಗಾರರೊಬ್ಬರು ಗಿಡ್ಡ ದಾರವೊಂದರ ಮತ್ತೊಂದು ತುದಿ ಹಿಡಿದು, ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುತ್ತಾರೆ. ತಿರುವು ಬಂತೆಂದು ಮೊದಲೇ ಹೇಳುತ್ತಾರೆ. ಎಳೆಯುವುದಕ್ಕೆ ಅನುಮತಿಯಿಲ್ಲ. ಮುಂಚಿತವಾಗಿ ಸಿಗಬೇಕಾದ ಸುದ್ದಿ ಇಲ್ಲಿ ಮಾತಿನಿಂದಲೂ ದಾರದಿಂದಲೂ ಸಿಗುತ್ತದೆ.

ಎತ್ತಿನ ಮಾತು ಬೇರೆ. ಅದರ ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ನೇರ ಬೆನ್ನ ಹಿಂದಿನ ಭಾಗವನ್ನು ಬಿಟ್ಟು ಸುತ್ತೆಲ್ಲ ಕಾಣುತ್ತದೆ. ಆದರೆ ಎರಡೂ ಕಣ್ಣು ಕೂಡಿ ನೋಡುವ ಜಾಗ ಮುಂದುಗಡೆ ಬಹಳ ಕಿರಿದು. ಆದುದರಿಂದ ತಗ್ಗು ಎಷ್ಟು ಆಳ ಎಂಬುದು ಅದಕ್ಕೆ ಬೇಗ ತಿಳಿಯದು. ದಾರಿಗೆ ಅಡ್ಡವಾಗಿ ನೆರಳೋ ನೀರಿನ ಪೈಪೋ ಬಿದ್ದಿದ್ದರೆ ಎತ್ತು ತಟ್ಟನೆ ನಿಂತು ತಲೆ ತಗ್ಗಿಸುತ್ತದೆ. ಆಗ ಬಾರುಕೋಲು ಎತ್ತಬೇಡಿರಿ, ಅದು ನೋಡಿಕೊಳ್ಳುತ್ತಿದೆ. ಹಿಂದಿನಿಂದ ಸದ್ದಿಲ್ಲದೆ ಹೋಗಿ ಮುಟ್ಟುವುದೂ ತಪ್ಪು.

ಈಗ ಕತ್ತಲೆಯ ವಿಚಾರ. ಪೊಲೀಸ್ ಕೆಲಸಕ್ಕೆ ಸಿದ್ಧರಾಗುವ ತರುಣರು ಕುಷ್ಟಗಿ, ಯಲಬುರ್ಗಾ ದಾರಿಗಳಲ್ಲಿ ನಸುಕಿಗೇ ಓಡುತ್ತಾರೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸುವವನು ಸೆಕೆಂಡಿಗೆ ನಾಲ್ಕು ಮೀಟರಿಗೂ ಸ್ವಲ್ಪ ಹೆಚ್ಚು ಓಡುತ್ತಾನೆ. ಮೇಲಿನ ಒಂದೂವರೆ ಸೆಕೆಂಡಿನ ಲೆಕ್ಕ ಹಿಡಿದರೆ, ಕಡಿಮೆಯೆಂದರೂ ಆರು ಮೀಟರು ಮುಂದಿನ ನೆಲ ಅವನಿಗೆ ಸ್ಪಷ್ಟವಾಗಿ ಕಾಣಬೇಕು. ಅಷ್ಟು ಕಾಣದಿದ್ದರೆ ವೇಗ ತಗ್ಗಿಸಬೇಕು, ಇಲ್ಲವೆ ಬೆಳಕು ಹರಿಯುವವರೆಗೆ ಕಾಯಬೇಕು. ರಾತ್ರಿ ಕರೆಂಟು ಬಂತೆಂದು ಬೋರಿನ ಮೋಟರು ಹಚ್ಚಲು ಓಡುವ ರೈತನಿಗೂ, ಗಂಗಾವತಿ ಕಡೆ ಗದ್ದೆಯ ಬದುವಿನ ಮೇಲೆ ನೀರು ತಿರುಗಿಸಲು ಹೋಗುವವನಿಗೂ ಇದೇ ಲೆಕ್ಕ. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೊಬೈಲಿನ ಪರದೆ ನೋಡಿ ಒಮ್ಮೆಲೇ ಹೊರಬಿದ್ದರೆ ಹಾವೂ ಕಾಣದು, ಬದುವಿನ ಅಂಚೂ ಕಾಣದು. ಬ್ಯಾಟರಿಯ ಬೆಳಕನ್ನು ಪಾದದ ಮೇಲೆ ಬಿಡಬೇಡಿರಿ, ಮುಂದೆ ಬಿಡಿರಿ.

ಮನೆಯ ಹಿರಿಯರಿಗೆ ದೂರಕ್ಕೊಂದು, ಓದಿಗೊಂದು ಎಂಬಂತೆ ಎರಡು ಭಾಗದ ಕನ್ನಡಕವಿದ್ದರೆ, ಮೆಟ್ಟಿಲು ಇಳಿಯುವಾಗ ಅವರ ನೋಟ ಕೆಳಗಿನ ಗಾಜಿನಿಂದ ಹಾಯ್ದು ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಆನೆಗೊಂದಿಯ ಬಳಿಯ ಅಂಜನಾದ್ರಿಗೆ ಸುಮಾರು 575 ಮೆಟ್ಟಿಲು. ಹತ್ತುವಾಗ ದಣಿವು, ಇಳಿಯುವಾಗ ಅಪಾಯ. ಗದ್ದವನ್ನು ತುಸು ತಗ್ಗಿಸಿ ಮೇಲಿನ ಗಾಜಿನಿಂದ ನೋಡುತ್ತ, ಕಂಬಿ ಹಿಡಿದು ಇಳಿಯಲು ಅವರಿಗೆ ತಿಳಿಸಿರಿ. ಕಣ್ಣಿಗೆ ಪೊರೆ ಬಂದಿದ್ದರೆ ಶಸ್ತ್ರಕ್ರಿಯೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವುದು ಸರಿಯಲ್ಲ.

ಕೊನೆಯದಾಗಿ ಮಕ್ಕಳ ವಿಷಯ. ಹಗಲೆಲ್ಲ ಚೆನ್ನಾಗಿ ಓಡುವ ಮಗು ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲಿಗೆ, ನೀರಿನ ಕೊಡಕ್ಕೆ ಎಡವುತ್ತಿದ್ದರೆ ಬೈಯಬೇಡಿರಿ. ಅದು ಇರುಳುಗಣ್ಣು ಇರಬಹುದು. ಜೀವಸತ್ವ ‘ಎ’ ಕಡಿಮೆಯಾದರೆ ಮಂದ ಬೆಳಕಿನಲ್ಲಿ ನೋಡುವ ಶಕ್ತಿ ಮೊದಲು ಕುಗ್ಗುತ್ತದೆ. ಅಲಕ್ಷಿಸಿದರೆ ಕಣ್ಣೇ ಹೋದೀತು. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಈ ಜೀವಸತ್ವದ ಒಂಬತ್ತು ಗುಟುಕು ಔಷಧವನ್ನು ಸರಕಾರ ಉಚಿತವಾಗಿ ಕೊಡುತ್ತದೆ. ಮೊದಲನೆಯದು ದಡಾರ ಚುಚ್ಚುಮದ್ದಿನ ಸಂಗಡ. ಎರಡನೆಯದು ಒಂದೂವರೆ ವರ್ಷ ತುಂಬುವ ಹೊತ್ತಿಗೆ. ಆಮೇಲೆ ಆರು ತಿಂಗಳಿಗೊಮ್ಮೆ. ತಾಯಿ ಕಾರ್ಡು ತೆಗೆದು ಎಷ್ಟು ಆಗಿವೆ ಎಂದು ಎಣಿಸಿರಿ, ಅಂಗನವಾಡಿಯಲ್ಲಿ ಕೇಳಿರಿ. ಹಿತ್ತಲಿನ ನುಗ್ಗೆ ಸೊಪ್ಪು, ರಾಜಗಿರಿ ಸೊಪ್ಪು, ಪಪ್ಪಾಯಿ, ಹಾಲು, ಮೊಟ್ಟೆಗಳಲ್ಲಿಯೂ ಇದು ಸಿಗುತ್ತದೆ. ಸೊಪ್ಪಿನ ಪಲ್ಯಕ್ಕೆ ಸ್ವಲ್ಪ ಎಣ್ಣೆ ಇರಲಿ. ಎಣ್ಣೆಯಿಲ್ಲದೆ ಈ ಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ.