ಕುಡಿತ ಬಿಟ್ಟವನು ಮನೆಯವರ ಕ್ಷಮೆ ಕೇಳುವ ಕ್ರಮ

ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಕುಡಿತ ಬಿಟ್ಟವನಿಗೆ ಒಂದೆರಡು ವಾರಗಳಲ್ಲಿಯೇ ಹುಟ್ಟುವ ಆತುರವೆಂದರೆ, ನಾಲ್ವರು ಹಿರಿಯರನ್ನು ಮುಂದಿಟ್ಟುಕೊಂಡು, ತವರು ಸೇರಿದ ಹೆಂಡತಿಯ ಬಾಗಿಲಿಗೆ ಹೋಗಿ, ‘ತಪ್ಪಾಯಿತು’ ಎಂದು ಕೈಮುಗಿದು, ಸಂಜೆಯೊಳಗೆ ಅವಳನ್ನು ಮಕ್ಕಳೊಡನೆ ಬಸ್ಸು ಹತ್ತಿಸಿಕೊಂಡು ಬರುವುದು. ಈ ಕ್ರಮವು ತಲೆಕೆಳಗಾದುದು. ಕ್ಷಮಿಸುವ ಅಧಿಕಾರ ನೊಂದವರದು. ಕೇಳುವ ಅರ್ಹತೆಯನ್ನು ಸಂಪಾದಿಸುವ ಭಾರ ಮಾತ್ರ ಇವನದು.

ಮೊದಲು ದೇಹ ಸ್ವಸ್ಥವಾಗಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈನಡುಕ, ಫಿಟ್ಸ್, ಚಿತ್ತಭ್ರಮೆಗಳು ತಲೆದೋರಿ ಪ್ರಾಣಾಪಾಯವೂ ಒದಗಬಹುದಾದುದರಿಂದ, ವೈದ್ಯರ ಕಣ್ಗಾವಲಿನಲ್ಲಿಯೇ ಬಿಡತಕ್ಕದ್ದು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ದೊರೆಯುವಂತೆ ಮಾಡುವ ‘ಮನೋಚೈತನ್ಯ’ ಎಂಬ ಸರಕಾರಿ ಯೋಜನೆಯಿದೆ. ತಮ್ಮ ಆಸ್ಪತ್ರೆಗೆ ಅವರು ಬರುವ ದಿನವನ್ನು ವಿಚಾರಿಸಿಕೊಂಡು ಹೋಗುವುದು ಲೇಸು. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಕ್ಕೆ ಸೇರಿದವನು, ಶಿಬಿರ ಮುಗಿದ ತರುವಾಯ, ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗಳನ್ನು ತಪ್ಪಿಸಕೂಡದು. ಅವನಿಗೆ ತಿಳಿಯದಂತೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವ ಮನೆಯವರಿಗೊಂದು ಎಚ್ಚರಿಕೆ: ಅದರ ಮೇಲೆ ಅವನು ಕುಡಿದರೆ ಜೀವಕ್ಕೇ ಎರವಾದೀತು.

ಎರಡನೆಯದು ಲೆಕ್ಕ, ಇದಕ್ಕೆ ತಿಂಗಳುಗಳೇ ಹಿಡಿಯಲಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಕೂಡಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಹನ್ನೆರಡು ಹೆಜ್ಜೆಗಳಲ್ಲಿ, ತನ್ನಿಂದ ನೊಂದವರ ಪಟ್ಟಿ ಮಾಡುವುದು ಎಂಟನೆಯದು. ಅವರಿಗಾದ ಹಾನಿಯನ್ನು ತಾನೇ ಸರಿಪಡಿಸುವುದು ಒಂಬತ್ತನೆಯದು, ಅದೂ ಸರಿಪಡಿಸಹೋಗಿ ಅವರನ್ನು ಮತ್ತೆ ನೋಯಿಸುವಂತಿದ್ದರೆ ಕೂಡದೆಂಬ ನಿಬಂಧನೆಯೊಡನೆ. ನಮ್ಮವನೂ ಒಂದು ನೋಟ್‌ಬುಕ್ ಹಿಡಿದು ಕೂರಲಿ. ಗಿರವಿಗೆ ಹೋದ ಸರ ಯಾರದು, ಹೆಂಡತಿಯ ಹೆಸರಿನಲ್ಲಿ ಸ್ವಸಹಾಯ ಸಂಘದಿಂದ ಎತ್ತಿದ ಸಾಲದಲ್ಲಿ ಮದ್ಯದಂಗಡಿಗೆ ಸುರಿದದ್ದೆಷ್ಟು, ಅಡಿಕೆ ಮಾರಿದ ಹಣ ಮನೆ ಮುಟ್ಟದ ವರ್ಷ ಮಗಳ ಓದು ಏನಾಯಿತು, ತಾಯಿಯ ಔಷಧಿ ಎಷ್ಟು ದಿನ ತಪ್ಪಿತು, ಯಾರ ಮೇಲೆ ಕೈಮಾಡಿದ್ದು, ಯಾರ ಮದುವೆಯಲ್ಲಿ ಮಾನ ಕಳೆದದ್ದು, ಎಲ್ಲವನ್ನೂ ಹೆಸರು ಸಹಿತ ಬರೆಯಲಿ. ಹಿಂತಿರುಗಿಸಬಹುದಾದುದನ್ನು ಕ್ಷಮೆ ಕೇಳುವ ಮುನ್ನವೇ ತಿರುಗಿಸತೊಡಗಲಿ: ಸಂಘದ ಕಂತನ್ನು ತಾನೇ ಕಟ್ಟಲಿ, ಗಿರವಿಯ ಚೀಟಿಯನ್ನು ಅವಳ ಕೈಗೆ ಮುಟ್ಟಿಸಲಿ, ಕೂಲಿಯ ಹಣ ಮಕ್ಕಳಿಗೆ ತಲುಪಲಿ.

ಇನ್ನು ಆಣೆಯ ವಿಷಯ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಮುಂದೆಯೋ ಚಂದ್ರಗುತ್ತಿಯ ರೇಣುಕಾಂಬೆಯ ಮುಂದೆಯೋ ಆಣೆಯಿಡುವುದು ಭಕ್ತನ ಸ್ವಂತ ವಿಚಾರ. ಆದರೆ ಹಿಂದೆ ಹಲವು ಆಣೆಗಳು ಮುರಿದಿರುವ ಮನೆಯಲ್ಲಿ ಇನ್ನೊಂದನ್ನು ಸಾಕ್ಷಿಯಾಗಿ ಒಡ್ಡತಕ್ಕದ್ದಲ್ಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಇನ್ನು ಕಷ್ಟ ತೀರಿತೆಂದು ನಂಬಿದ ಹೆಂಗಸರು, ಸಾರಾಯಿ ಪ್ಯಾಕೆಟ್ಟಿನ ಸ್ಥಾನಕ್ಕೆ ಮದ್ಯದ ಬಾಟಲಿ ಬಂದುದನ್ನೂ ಕಂಡವರು. ಮಾತಿಗಿಂತ ನಡತೆಯನ್ನೇ ಅವರು ನೋಡುವುದು ನ್ಯಾಯವೇ ಆಗಿದೆ.

ಕ್ಷಮೆ ಕೇಳುವ ದಿನ ಹಬ್ಬವಾಗಲಿ ಜಾತ್ರೆಯಾಗಲಿ ಆಗಿರಕೂಡದು. ನೆಂಟರೆದುರು ‘ಇಲ್ಲ’ ಎನ್ನುವುದು ಅವಳಿಗೆ ಕಠಿಣ. ಬರಬಹುದೇ ಎಂದು ಮೊದಲೇ ಕೇಳಿ, ಒಪ್ಪಿದರೆ, ಅವಳಿಗೆ ಬೇಕಾದವರೊಬ್ಬರು ಜೊತೆಗಿರುವಂತೆ ಹೋಗಲಿ. ‘ಕುಡಿದಾಗ ಏನು ಮಾಡಿದೆನೋ ತಿಳಿಯದು’ ಎಂಬ ಮಾತು ಬೇಡ. ‘ನಿನ್ನ ಸರ ಒತ್ತೆಯಿಟ್ಟವನು ನಾನು, ಮಗುವಿನೆದುರು ನಿನ್ನನ್ನು ಹೊಡೆದವನು ನಾನು, ನೀನು ಹೇಳಿದ್ದು ಸುಳ್ಳೆಂದು ಊರಿಗೆಲ್ಲ ಸಾರಿದವನೂ ನಾನು’ ಎಂದು ಒಂದೊಂದನ್ನೇ ಹೇಳಿ, ಅವಳಾಡುವ ಮಾತನ್ನು ಅಡ್ಡಬಾಯಿ ಹಾಕದೆ ಕೇಳಿ, ಮರುಮಾತಿಗೆ ಒತ್ತಾಯಿಸದೆ ಎದ್ದುಬರಲಿ. ತಾಯಿ ಬೇಗ ಕ್ಷಮಿಸುತ್ತಾಳೆ. ಅವಳ ಕ್ಷಮೆಯನ್ನು ಹೆಂಡತಿಯ ಮೇಲೆ ಒತ್ತಡವಾಗಿ ಬಳಸುವುದು ಅನ್ಯಾಯ. ಹರೆಯದ ಮಕ್ಕಳು ಬಹುಕಾಲ ಮೌನವಾಗಿರಬಹುದು. ಹೇಳಿದ ಹೊತ್ತಿಗೆ ಶಾಲೆಯ ಬಾಗಿಲಲ್ಲಿ ನಿಲ್ಲುವ ತಂದೆಯನ್ನು ಅವರು ಗಮನಿಸದಿರಲಾರರು.

ಅವಳು ಕ್ಷಮಿಸದಿದ್ದರೂ ಕಂತು, ಸಭೆ, ಔಷಧಿಗಳು ನಿಲ್ಲಕೂಡದು. ಎಂದಾದರೂ ಎಡವಿದರೆ ಅದೇ ದಿನ ವೈದ್ಯರಿಗೂ ಮನೆಯವರಿಗೂ ತಿಳಿಸಬೇಕು. ಮತ್ತೆ ಹೊಡೆತಬಡಿತದ ಭಯವಿರುವ ಹೆಂಗಸು 181 ಸಹಾಯವಾಣಿಗೆ ಕರೆಮಾಡಲಿ. ಊರ ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ: ರಾಜಿಗೆಂದು ತವರಿನ ಜಗಲಿಯೇರುವ ಮುನ್ನ, ಆ ಹೆಣ್ಣುಮಗಳು ತಮ್ಮನ್ನು ಕರೆದಿರುವಳೇ ಎಂಬುದನ್ನು ದಯಮಾಡಿ ವಿಚಾರಿಸಿಕೊಳ್ಳಿ.