ಹೊರಗೆ ಹೋಗಲೂ ಪಂಚ್ ಮಾಡಬೇಕೆ?

ಬೆಂಗಳೂರಿನ ಆಫೀಸು ಕಟ್ಟಡಗಳಲ್ಲಿ ಗಾಜಿನ ಬಾಗಿಲಿನ ಹೊರಗೆ ಕಾರ್ಡ್ ರೀಡರ್ ಇರುವುದನ್ನು ಎಲ್ಲರೂ ನೋಡಿದ್ದೇವೆ. ಸಂಬಂಧವಿಲ್ಲದವರು ಒಳಗೆ ನುಗ್ಗಬಾರದು ಎನ್ನುವುದು ನ್ಯಾಯವೇ. ಆದರೆ ಬಹಳ ಕಡೆ ಅದೇ ಬಾಗಿಲಿನ ಒಳಬದಿಗೂ ಇನ್ನೊಂದು ರೀಡರ್ ಕೂರಿಸಿರುತ್ತಾರೆ. ಒಳಗೆ ಬರುವಾಗ ಪಂಚ್ ಮಾಡಿದವರು ಹೊರಗೆ ಹೋಗುವಾಗಲೂ ಪಂಚ್ ಮಾಡಬೇಕು. ಇಲ್ಲದಿದ್ದರೆ ಬಾಗಿಲು ಬಿಡುವುದಿಲ್ಲ. ಆಕ್ಸೆಸ್ ಕಂಟ್ರೋಲ್ ಕೆಲಸದಲ್ಲಿ ವರ್ಷಗಟ್ಟಲೆ ಪಳಗಿದ ಮೇಲೆ ನಾನು ಕಲಿತ ಪಾಠಗಳಲ್ಲಿ ಉಳಿದೆಲ್ಲಕ್ಕಿಂತ ದೊಡ್ಡದು ಈ ಎರಡನೆಯ ರೀಡರಿಗೆ ಸಂಬಂಧಿಸಿದ್ದು. ಜನ ಹೊರಗೆ ಹೋಗುವ ದಾರಿಯನ್ನು ಯಂತ್ರದ ಅನುಮತಿಗೆ ಒಪ್ಪಿಸಬಾರದು. ಭದ್ರತೆಯ ದೃಷ್ಟಿಯಿಂದ ಒಳಬದಿಯ ರೀಡರಿನ ಅಗತ್ಯ ಬೀಳುವುದು ಅಪರೂಪ. ಅದನ್ನು ಕೇಳುವವರು ಸಾಮಾನ್ಯವಾಗಿ ಎಚ್‌ಆರ್ ವಿಭಾಗದವರು: ಯಾರು ಎಷ್ಟು ಹೊತ್ತು ಸೀಟಿನಲ್ಲಿದ್ದರು, ಚಹಾಕ್ಕೆ ಹೋದವರು ಎಷ್ಟು ಹೊತ್ತಿಗೆ ಬಂದರು ಎಂಬ ಲೆಕ್ಕ ಅವರಿಗೆ ಬೇಕು. ಹಾಜರಾತಿಯ ಲೆಕ್ಕಕ್ಕಾಗಿ ಬೀಗ ಹಾಕಿದ ಬಾಗಿಲು ಬೆಂಕಿಯ ಹೊತ್ತಿನಲ್ಲೂ ಬೀಗವಾಗಿಯೇ ಇರುತ್ತದೆ.

ಇದಕ್ಕೆ ನಾನು ಕೇಳುವ ಮೊದಲ ಉತ್ತರ, ‘ಕರೆಂಟ್ ಹೋದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದಲ್ಲ’ ಎಂಬುದು. ಅರ್ಧ ನಿಜವಾದ್ದರಿಂದಲೇ ಈ ಮಾತು ಅಪಾಯಕಾರಿ. ನಮ್ಮಲ್ಲಿ ಗಾಜಿನ ಬಾಗಿಲುಗಳಿಗೆ ಹೆಚ್ಚಾಗಿ ಹಾಕುವುದು ಮ್ಯಾಗ್ನೆಟಿಕ್ ಲಾಕ್. ಚೌಕಟ್ಟಿನಲ್ಲೊಂದು ವಿದ್ಯುತ್ಕಾಂತ, ಬಾಗಿಲಿನ ಮೇಲೊಂದು ಉಕ್ಕಿನ ಪಟ್ಟಿ. ವಿದ್ಯುತ್ ಹರಿಯುವಷ್ಟು ಹೊತ್ತು ಸಾಮಾನ್ಯ ಲಾಕೊಂದು ಸುಮಾರು 270 ಕೆ.ಜಿ. ಬಲದಿಂದ, ದೊಡ್ಡದಾದರೆ 540 ಕೆ.ಜಿ.ಯಷ್ಟು ಬಲದಿಂದ ಹಿಡಿದುಕೊಳ್ಳುತ್ತದೆ. ಭುಜ ಕೊಟ್ಟು ನೂಕುವ ಮನುಷ್ಯ ಇದರ ಮುಂದೆ ಏನೂ ಅಲ್ಲ. ವಿದ್ಯುತ್ ನಿಂತರೆ ಹಿಡಿತ ಬಿಡುತ್ತದೆ, ಅದು ಸರಿ. ಆದರೆ ಈ ಊರಿನಲ್ಲಿ ಕರೆಂಟ್ ಹೋದಾಗ ಬಾಗಿಲು ಬಾಯಿಬಿಟ್ಟುಕೊಂಡು ನಿಲ್ಲಬಾರದೆಂದು ನಾವೇ ಲಾಕಿನ ಪವರ್ ಸಪ್ಲೈ ಪೆಟ್ಟಿಗೆಯೊಳಗೆ 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಇಟ್ಟಿರುತ್ತೇವೆ. ಲಾಕ್ ಅರ್ಧ ಆಂಪಿಯರ್ ಎಳೆದರೆ ಕಾಗದದ ಲೆಕ್ಕಕ್ಕೆ 14 ಗಂಟೆ. ಬ್ಯಾಟರಿ ಹಳೆಯದಾಗಿ ಅದರ ಕಾಲುಭಾಗವೇ ಉಳಿದಿದ್ದರೂ ಮೂರು ಗಂಟೆಗೆ ಮೋಸವಿಲ್ಲ. ಅದರಾಚೆಗೆ ಕಟ್ಟಡದ ಯುಪಿಎಸ್, ಜನರೇಟರ್ ಬೇರೆ. ಕರೆಂಟ್ ಹೋದರೆ ತೆರೆಯುವ ಬಾಗಿಲನ್ನು ಕೊಂಡು, ಕರೆಂಟೇ ಹೋಗದಂತೆ ಏರ್ಪಾಟು ಮಾಡಿಕೊಂಡು, ಮತ್ತೆ ಅದೇ ಮಾತನ್ನು ನಂಬಿ ಕೂತಿದ್ದೇವೆ. ಹೊಗೆ ತುಂಬಿದ ಕಟ್ಟಡದಲ್ಲಿ ಮನುಷ್ಯನಿಗೆ ಇರುವ ಸಮಯವನ್ನು ನಿಮಿಷಗಳಲ್ಲಿ ಎಣಿಸಬೇಕು.

ಹಾಗಾದರೆ ಗೋಡೆಯ ಮೇಲಿನ ಹಸಿರು ಪೆಟ್ಟಿಗೆ, ಅಂದರೆ ಬ್ರೇಕ್ ಗ್ಲಾಸ್, ಇರುವುದು ಯಾತಕ್ಕೆ? ಅದು ಜೀವ ಉಳಿಸಬಲ್ಲದು, ವೈರಿಂಗ್ ಸರಿಯಿದ್ದರೆ. ಲಾಕಿಗೆ ಹೋಗುವ ವಿದ್ಯುತ್ತಿನ ತಂತಿಯೇ ಆ ಪೆಟ್ಟಿಗೆಯ ಮೂಲಕ ಹಾದುಹೋಗಬೇಕು. ಗಾಜು ಒತ್ತಿದ ಕ್ಷಣ ತಂತಿ ಕಡಿದಂತಾಗಬೇಕು. ಎಷ್ಟೋ ಕಡೆ ಕೇಬಲ್ ಎಳೆಯುವ ಖರ್ಚು ಉಳಿಸಲು ಅದನ್ನು ಬಾಗಿಲನ್ನು ನಿಯಂತ್ರಿಸುವ ಕಂಟ್ರೋಲರಿಗೆ ಒಂದು ಸೂಚನೆಯಾಗಿ ಮಾತ್ರ ಜೋಡಿಸುತ್ತಾರೆ. ಆಗ ಗಾಜು ಒತ್ತಿದರೆ ಕಂಟ್ರೋಲರ್ ಆ ಸೂಚನೆಯನ್ನು ಓದಿ, ತನ್ನ ರಿಲೇಗೆ ಹೇಳಿ, ರಿಲೇ ಲಾಕನ್ನು ಬಿಡಿಸಬೇಕು. ಕಂಟ್ರೋಲರ್ ಕೆಟ್ಟು ನಿಂತಿದ್ದರೆ, ರಿಲೇಯ ತುದಿಗಳು ಅಂಟಿಕೊಂಡಿದ್ದರೆ ಆ ಹಸಿರು ಪೆಟ್ಟಿಗೆ ಗೋಡೆಯ ಅಲಂಕಾರ. ಹೊರಗಿನಿಂದ ನೋಡಿದರೆ ಎರಡೂ ಜೋಡಣೆ ಒಂದೇ ಥರ ಕಾಣುತ್ತವೆ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಬೆರಳಿಟ್ಟು ಹಿಂಬಾಲಿಸಿದರಷ್ಟೇ ವ್ಯತ್ಯಾಸ ಗೊತ್ತಾಗುತ್ತದೆ. ಫೈರ್ ಅಲಾರಾಂ ಪ್ಯಾನೆಲ್‌ನಿಂದ ಬಾಗಿಲುಗಳಿಗೆ ಬರುವ ಜೋಡಣೆಯ ಕಥೆ ಇನ್ನೂ ಬೇಸರದ್ದು. ಧೂಳಿಗೋ ಅಡುಗೆಮನೆಯ ಹೊಗೆಗೋ ಅಲಾರಾಂ ಸುಮ್ಮನೆ ಹೊಡೆದುಕೊಳ್ಳುತ್ತದೆ, ಎಲ್ಲ ಬಾಗಿಲು ತೆರೆದುಕೊಳ್ಳುತ್ತವೆ, ಸೆಕ್ಯುರಿಟಿಯವರಿಗೆ ಬೈಗುಳ ಬೀಳುತ್ತದೆ. ಮೂರನೆಯ ಸಲಕ್ಕೆ ಯಾರೋ ಆ ತಂತಿಯನ್ನೇ ಕಳಚಿಡುತ್ತಾರೆ. ಡಿಟೆಕ್ಟರ್ ಒರೆಸಿ ಶುಚಿ ಮಾಡಬೇಕಾದವರ ಕೆಲಸ ತಪ್ಪಿದ್ದಕ್ಕೆ ಒಳಗಿರುವವರ ದಾರಿ ಮುಚ್ಚುತ್ತದೆ.

ಇದೆಲ್ಲ ಅತಿಯಾದ ಭಯ ಅನ್ನುವವರು ಹಳೆಯ ದಾಖಲೆಗಳನ್ನು ತೆರೆದು ನೋಡಬೇಕು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ 146 ಜನ ಸತ್ತರು. ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದ್ದರು. ಕೆಲಸದವರು ಬಟ್ಟೆ ಕದ್ದೊಯ್ಯಬಾರದು, ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತ ಚೀಲ ತೋರಿಸಬೇಕು ಎಂಬುದು ಕಾರಣ. ಹೊರಗೆ ಹೋಗುವವರ ಮೇಲೆ ಕಣ್ಣಿಡಲು ಹಾಕಿದ ಬೀಗವದು. ಇಂದಿನ ಒಳಬದಿಯ ರೀಡರ್ ಅದರ ಎಲೆಕ್ಟ್ರಾನಿಕ್ ರೂಪ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ತೀರಿಕೊಂಡರು. ಬಾಲ್ಕನಿಯ ಒಂದು ಬದಿಯ ದಾರಿಯನ್ನು ಸೀಟುಗಳಿಗಾಗಿ ಮುಚ್ಚಿದ್ದು ನ್ಯಾಯಾಲಯದಲ್ಲಿ ಬಯಲಾಯಿತು. ನಮ್ಮ ಬೆಂಗಳೂರಿನಲ್ಲೇ, 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ, ದಾರಿ ಕಾಣದವರು ಕಿಟಕಿಯಿಂದ ಹಾರಿದ್ದನ್ನು ಟೀವಿಯಲ್ಲಿ ನೋಡಿದವರಿದ್ದಾರೆ. ಅಂದು 9 ಜನ ಹೋದರು. ನಿರ್ಗಮನದ ಬಾಗಿಲು ಒಳಗಿರುವವರ ಕಡೆಯಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಜೇಬಿನಲ್ಲಿರುವ ಕಾರ್ಡೂ ಒಂದು ಕೀಲಿಯೇ ಎಂದು ನಾನು ಓದಿಕೊಳ್ಳುತ್ತೇನೆ.

ಎದುರು ವಾದಗಳಲ್ಲಿ ಗಟ್ಟಿಯಾದವೂ ಇವೆ. ಗಾಜು ಒಡೆದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರೆ? ಹೆರಿಗೆ ವಾರ್ಡಿನಿಂದ ಹಸುಗೂಸನ್ನು ಎತ್ತಿಕೊಂಡು ಹೋದರೆ? ಎರಡನೆಯದನ್ನು ಕೇಳಿದಾಗ ಸುಲಭದ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಅದು ಆಸ್ಪತ್ರೆಗಳ ನಿಜವಾದ ಆತಂಕ. ಆದರೆ ಅದಕ್ಕೂ ದಾರಿಯಿದೆ. ಅಮೆರಿಕದ ಸಂಹಿತೆಗಳು ಕೆಲವು ಬಗೆಯ ಕಟ್ಟಡಗಳಲ್ಲಿ ತಡವಾಗಿ ತೆರೆಯುವ ಬಾಗಿಲಿಗೆ ಅವಕಾಶ ಕೊಡುತ್ತವೆ: ಒತ್ತಿದ ಕೂಡಲೇ ಸೈರನ್ ಕೂಗುತ್ತದೆ, ಸಾಮಾನ್ಯವಾಗಿ 15 ಸೆಕೆಂಡಿನ ನಂತರ ಬಾಗಿಲು ಬಿಡುತ್ತದೆ, ಫೈರ್ ಅಲಾರಾಂ ಬಂದರೆ ಆ ಕಾಯುವಿಕೆಯೂ ಇಲ್ಲ. ಕಾವಲಿನವರು ಓಡಿ ಬರಲು ಅಷ್ಟು ಸಮಯ ಸಿಗುತ್ತದೆ, ಒಳಗಿರುವವರು ಸಿಕ್ಕಿಬೀಳುವುದಿಲ್ಲ. ಸರ್ವರ್ ಕೋಣೆಗೆ ಹೊರಗಿನಿಂದ ಕರೆಂಟಿಲ್ಲದಾಗಲೂ ಬೀಗವಾಗಿ ನಿಲ್ಲುವ, ಒಳಗಿನಿಂದ ಹಿಡಿಕೆ ತಿರುಗಿಸಿದರೆ ತೆರೆಯುವ ಲಾಕ್ ಹಾಕಬಹುದು. ಆ ಹಿಡಿಕೆಗೆ ವಿದ್ಯುತ್ತೇ ಬೇಡ. ಇನ್ನು ಹಾಜರಾತಿ: ಹೊರಗೆ ಹೋಗುವ ಸಮಯ ಬೇಕಿದ್ದರೆ ರೀಡರ್ ಇರಲಿ, ಪಂಚ್ ದಾಖಲಾಗಲಿ, ಆದರೆ ಬಾಗಿಲಿಗೂ ಅದಕ್ಕೂ ಸಂಬಂಧ ಬೇಡ. ಪಂಚ್ ಮರೆತವರನ್ನು ಮಾರನೆಯ ದಿನ ಕೇಳಿದರಾಯಿತು. ಆ್ಯಂಟಿ-ಪಾಸ್‌ಬ್ಯಾಕ್ ಎಂಬ ವ್ಯವಸ್ಥೆಯನ್ನು ಕಟ್ಟುನಿಟ್ಟಾಗಿ ಹಾಕಿದ ಕಡೆ, ಗೆಳೆಯರ ಬೆನ್ನಿಗೇ ಪಂಚ್ ಮಾಡದೆ ಒಳಗೆ ಬಂದವರ ಕಾರ್ಡನ್ನು ಯಂತ್ರ ಹೊರಗೆ ಹೋಗುವಾಗ ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಅವರು ಒಳಗೆ ಬಂದೇ ಇಲ್ಲ. ಹೊಗೆಯಲ್ಲಿ ಕೆಮ್ಮುತ್ತಿರುವವರಿಗೆ ಯಂತ್ರ ಹೀಗೆ ಹೇಳಬಹುದೆಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇಷ್ಟು ಅಪಾಯ ಹೊತ್ತು ನಾವು ಕೊಳ್ಳುವ ಭದ್ರತೆಯಾದರೂ ಗಟ್ಟಿಯೇ? ಇಂದಿಗೂ ಬಳಕೆಯಲ್ಲಿರುವ 125 ಕಿಲೋಹರ್ಟ್ಸ್‌ನ ಸಾದಾ ಕಾರ್ಡಿನಲ್ಲಿ ಇರುವುದು ಬರೀ ಒಂದು ಸಂಖ್ಯೆ. ರೀಡರ್ ಹತ್ತಿರ ಹಿಡಿದರೆ ಅದು ಯಾರು ಕೇಳಿದರೂ ಆ ಸಂಖ್ಯೆ ಹೇಳಿಬಿಡುತ್ತದೆ. ನಕಲು ಮಾಡುವ ಅಗ್ಗದ ಸಾಧನಗಳು ಮಾರುಕಟ್ಟೆಯಲ್ಲಿವೆ. ಕಳ್ಳನನ್ನು ತಡೆಯಬೇಕಿದ್ದರೆ ಹಣ ಹಾಕಬೇಕಾದ್ದು ಹೊರಬದಿಯ ಒಳ್ಳೆಯ ಕಾರ್ಡಿಗೆ.

ಸಾರ್ವಜನಿಕ ಕಟ್ಟಡಗಳಿಗೆ ಬಂದರೆ ಹೊಣೆ ಇನ್ನೂ ಹೆಚ್ಚು. ಆಫೀಸಿನ ನೌಕರರಿಗೆ ವರ್ಷಕ್ಕೊಮ್ಮೆಯಾದರೂ ಡ್ರಿಲ್ ಇರುತ್ತದೆ. ಜಿಲ್ಲಾಸ್ಪತ್ರೆಗೆ ರೋಗಿಯ ಜೊತೆ ಬಂದ ಅಜ್ಜಿಗೆ, ಪಹಣಿಗಾಗಿ ಕಚೇರಿಗೆ ಬಂದ ರೈತನಿಗೆ ಆ ಕಟ್ಟಡವೇ ಹೊಸದು. ಹಸಿರು ಪೆಟ್ಟಿಗೆಯ ಮೇಲಿನ ಬರಹ ಬರೀ ಇಂಗ್ಲಿಷಿನಲ್ಲಿದ್ದರೆ ಅವರ ಪಾಲಿಗೆ ಅದು ಇದ್ದೂ ಇಲ್ಲ. ‘ಬೆಂಕಿ ಬಿದ್ದರೆ ಇದನ್ನು ಒತ್ತಿ, ಬಾಗಿಲು ತೆರೆಯುತ್ತದೆ’ ಎಂದು ದೊಡ್ಡ ಅಕ್ಷರದ ಒಂದು ಸಾಲು ಕನ್ನಡದಲ್ಲಿ ಅಂಟಿಸಲು ಟೆಂಡರ್ ಬೇಕಿಲ್ಲ. ಗಾಲಿಕುರ್ಚಿಯಲ್ಲಿ ಕೂತವರ ಕೈಗೂ ಎಟಕುವ ಎತ್ತರದಲ್ಲಿ ಆ ಪೆಟ್ಟಿಗೆ ಇರಬೇಕು. ಜನರು ಏನನ್ನೂ ಓದದೆ ಬರೀ ಮೈಭಾರದಿಂದ ತಳ್ಳಿದರೂ ತೆರೆಯುವ ಪ್ಯಾನಿಕ್ ಬಾರ್ ಹಾಕಿದರೆ ಇನ್ನೂ ಒಳ್ಳೆಯದು.

ಕೆಲಸ ಮುಗಿದು ಬಿಲ್ ಪಾಸಾಗುವ ದಿನ ನಡೆಯುವ ಪರೀಕ್ಷೆಯೆಂದರೆ ಕಾರ್ಡ್ ತೋರಿಸುವುದು, ಬೀಪ್ ಕೇಳುವುದು, ಕಂಪ್ಯೂಟರಿನಲ್ಲಿ ಹೆಸರು ಮೂಡಿತೇ ಎಂದು ನೋಡುವುದು. ಇನ್ನೊಂದು ಪರೀಕ್ಷೆ ಆಗಬೇಕೆಂಬುದು ನನ್ನ ಹಟ. ಬ್ಯಾಟರಿಗಳು ಹಾಗೇ ಇರಲಿ, ಸರ್ವರಿಗೆ ಹೋಗುವ ನೆಟ್‌ವರ್ಕ್ ಕೇಬಲ್ ಕಿತ್ತಿಡಲಿ, ಫೈರ್ ಅಲಾರಾಂ ಕೊಡಲಿ. ಆಮೇಲೆ ಹೌಸ್‌ಕೀಪಿಂಗ್ ಕೆಲಸದವರೊಬ್ಬರಿಗೆ, ಕೈಯಲ್ಲಿ ಕಾರ್ಡೂ ಇಲ್ಲದೆ ಫೋನೂ ಇಲ್ಲದೆ, ಪ್ರತಿ ಮಹಡಿಯ ಪ್ರತಿ ಬಾಗಿಲಿನಿಂದ ಮೆಟ್ಟಿಲಿಗೆ ನಡೆದು ಹೋಗಲು ಹೇಳಲಿ. ಅಲಾರಾಂ ನಿಲ್ಲಿಸಿ, ಕಂಟ್ರೋಲರನ್ನೂ ಆರಿಸಿ, ಬರೀ ಹಸಿರು ಪೆಟ್ಟಿಗೆ ಒತ್ತಿಸಿ ಮತ್ತೊಂದು ಸುತ್ತು ಹೋಗಿಬರಲಿ. ಯಾವ ಬಾಗಿಲ ಮುಂದೆ ಅವರು ನಿಂತು ನಮ್ಮತ್ತ ತಿರುಗಿ ನೋಡುತ್ತಾರೋ, ಆ ಬಾಗಿಲಿನ ಬಿಲ್ಲಿಗೆ ಸಹಿ ಬೀಳಬಾರದು.