ಚಳಿಯ ಲೆಕ್ಕ

ದೀಪಾವಳಿ ಕಳೆಯಿತು. ಚಳಿ ಶುರುವಾಯಿತು.

"ಇಂಥ ಚಳಿ ಎಂದೂ ಇರಲಿಲ್ಲ" ಅಂತೀವಿ ನಾವು. ಪ್ರತಿ ವರ್ಷವೂ ಹಾಗೇ ಅಂತೀವಿ! ನಿಜ ತಿಳಿಯುವುದು ಹೇಗೆ? ಬರೆದಿಟ್ಟ ಲೆಕ್ಕದಿಂದ.

ಡಿಗ್ರಿ ಇಳಿದಷ್ಟೂ ಚಳಿ ಹೆಚ್ಚು. 1884ರ ಜನವರಿ 13ರಂದು ಬೆಂಗಳೂರಿನಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು. ಅಂದು ಯಾರೋ ನೋಡಿ ಬರೆದಿಟ್ಟರು. ಇಂದು ನಾವು ಓದುತ್ತೇವೆ.

ರೇಡಿಯೋದಲ್ಲಿ "ನಾಳೆ ಚಳಿ ಹೆಚ್ಚು" ಅಂದರೆ ಏನು ಮಾಡೋಣ? ಹಸುಗೂಸಿಗೆ ಕುಲಾವಿ ಹಾಕೋಣ. ಅಜ್ಜ ಅಜ್ಜಿಗೆ ಕಂಬಳಿ ಹೊದಿಸೋಣ. ಆದರೆ ಬಾಗಿಲು ಮುಚ್ಚಿ ಒಳಗೆ ಕೆಂಡ ಇಡಬಾರದು. ಕೆಂಡದ ವಿಷಗಾಳಿಗೆ ವಾಸನೆ ಇಲ್ಲ. ಮಲಗಿದವರ ಜೀವವೇ ಹೋದೀತು.

ರೇಡಿಯೋದಲ್ಲಿ ಕೇಳಿದ ಡಿಗ್ರಿಯನ್ನು ಕ್ಯಾಲೆಂಡರಿನಲ್ಲಿ ಬರೆಯೋಣ. ಮುಂದಿನ ವರ್ಷ ಹೋಲಿಸಿ ನೋಡೋಣ. ಬರೆಯಲು ನಮಗೂ ಬರುತ್ತದಲ್ಲ!